ಮೂರು ಪೆನ್ಸಿಲಿನ ಅಮಾಯಿ

ಪುಸ್ತಕ ತೆರೆಯುವುದರಲ್ಲಿ ಎಲ್ಲರೂ ಶ್ರದ್ಧಾವಂತರೇ. ಮುಚ್ಚುವುದರಲ್ಲಿ ಅಷ್ಟೇ ಶ್ರದ್ಧೆಯಿದ್ದವರನ್ನು ನಾನು ಕಂಡದ್ದು ಲುಸುಂಗು ಮ್ಸಿಸ್ಕಾ ಒಬ್ಬರನ್ನೇ. ಅಧ್ಯಾಯ ಓದಿ, ಪುಸ್ತಕವನ್ನು ಮೆಲ್ಲನೆ ಮುಚ್ಚಿ, ಅದರ ಮೇಲೆ ಅಂಗೈಯಿಟ್ಟು, ಎದುರಿನ ಗೋಡೆ ನೋಡುತ್ತ ತುಟಿ ಅಲ್ಲಾಡಿಸುವರು. ಆಮೇಲೆ ತಲೆವಸ್ತ್ರಕ್ಕೆ ಸಿಕ್ಕಿಸಿದ ಮೂರು ಪೆನ್ಸಿಲುಗಳಲ್ಲಿ ಕಪ್ಪನ್ನು ಎಳೆದು, ನೆನಪಿನಲ್ಲಿ ಉಳಿದಷ್ಟನ್ನು ಸ್ವಂತ ಮಾತಿನಲ್ಲಿ ಬರೆಯುವರು. ಮರುದಿನ ಆ ಬರಹದಲ್ಲಿ ಮುಖ್ಯವೆನಿಸಿದ್ದಕ್ಕೆ ನೀಲಿ ಗೆರೆ. ವಾರ ಕಳೆದು, ನೀಲಿಯಲ್ಲೂ ಆಯ್ದ ಕೆಲವಕ್ಕೆ ಕೆಂಪು. ಕೊನೆಗೆ ಪುಟದ ನೆತ್ತಿಯಲ್ಲಿ ಒಂದೇ ವಾಕ್ಯ.

ಇಪ್ಪತ್ತು ವರ್ಷ ಹಳ್ಳಿಶಾಲೆಯಲ್ಲಿ ಪಾಠ ಹೇಳಿ, ನಲವತ್ತು ದಾಟಿದ ಮೇಲೆ ಜೊಂಬಾ ಪಟ್ಟಣದ ನಮ್ಮ ಕಾಲೇಜಿಗೆ ಪದವಿ ಓದಲು ಬಂದವರು ಅವರು. ಮಕ್ಕಳ ವಯಸ್ಸಿನ ನಾವು ತಾಯಿಯೆಂದು ಬಗೆದು 'ಅಮಾಯಿ' ಎನ್ನುತ್ತಿದ್ದೆವು. ಬೆನ್ನ ಹಿಂದೆ ಆಡಿಕೊಳ್ಳುತ್ತಲೂ ಇದ್ದೆವು. ನಡಿಗೆ ನಿಧಾನ, ಮಾತು ಇನ್ನೂ ನಿಧಾನ, ಪ್ರತಿ ಮಾತಿಗೂ ಮುಂಚೆ ಒಂದು 'ನೋಡೋಣ'.

ಕೊನೆಯ ವರ್ಷ ಮಣ್ಣುಶಾಸ್ತ್ರದಲ್ಲಿ ನಾನು ನಪಾಸಾದೆ. ಮರುಪರೀಕ್ಷೆಗೆ ಎರಡೇ ವಾರ. ಅದರಲ್ಲೂ ಬಿದ್ದರೆ ಕಾಲೇಜಿನಿಂದ ಹೊರಗೆ. ನಾಚಿಕೆ ಬಿಟ್ಟು ಅಮಾಯಿಯ ನೋಟುಪುಸ್ತಕ ಬೇಡಿದೆ, ಮರುಮಾತಿಲ್ಲದೆ ಕೊಟ್ಟರು. ನಾನೋ ಮಹಾ ಬುದ್ಧಿವಂತ! ನೆತ್ತಿಯ ವಾಕ್ಯಗಳನ್ನಷ್ಟೇ ನಕಲಿಸಿ, ಇಡೀ ಶಾಸ್ತ್ರವನ್ನು ಎರಡು ಹಾಳೆಗೆ ಇಳಿಸಿ, ಬಾಯಿಪಾಠ ಮಾಡಿ, ಬೀಗುತ್ತ ಅವರೆದುರು ನಿಂತೆ.

"ನೋಡೋಣ, 'ಮಣ್ಣು ಸತ್ತಿಲ್ಲ, ದಣಿದಿದೆ' ಅಂತ ಬರ್ದಿದೀನಲ್ಲ, ಯಾಕೆ?"

"ಯಾಕೆ ಅಂದ್ರೆ... ನೀವೇ ಬರ್ದಿದೀರಲ್ಲ ಅಮಾಯಿ!"

ಹೊಟ್ಟೆ ಹಿಡಿದು ನಕ್ಕರು. ನಕ್ಕು ಸುಸ್ತಾದ ಮೇಲೆ ನನ್ನ ಮುಖ ನೋಡಿ ಮೆತ್ತಗಾದರು. "ಆ ಒಂದ್ ಸಾಲಿಗೋಸ್ಕರ ನಾನು ಎಷ್ಟು ಬಿಟ್ಟೆ ಅಂತ ನಂಗೊತ್ತು ಮಗಾ. ನಿನ್ ಹತ್ರ ಬಿಡೋದಕ್ಕೆ ಏನಿದೆ?"

ಗ್ರಂಥಾಲಯದಲ್ಲಿ ಮಣ್ಣುಶಾಸ್ತ್ರದ ಪಠ್ಯಪುಸ್ತಕವಿದ್ದದ್ದು ಒಂದೇ ಪ್ರತಿ. ಹೆಸರು ಬರೆಸಿದವರಿಗೆ ದಿನಕ್ಕೆ ಎರಡು ಗಂಟೆ. ಮರುದಿನ ಹೋಗಿ ನೋಡಿದರೆ, ಪಟ್ಟಿಯಲ್ಲಿ ಪರೀಕ್ಷೆಯ ದಿನದವರೆಗೂ ಅಮಾಯಿಯ ಹೆಸರು ಹೊಡೆದು, ಅವರದೇ ಕೈಬರಹದಲ್ಲಿ ನನ್ನ ಹೆಸರು. ಅವರ ಪದವಿಪ್ರಬಂಧಕ್ಕೂ ಅದೇ ಪುಸ್ತಕ ಬೇಕಾಗಿತ್ತೆಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೂತೆ. ಓದಿದೆ, ಮುಚ್ಚಿದೆ, ಬರೆದೆ, ಗೆರೆಯೆಳೆದೆ. ವರ್ಷವರ್ಷವೂ ಮುಸುಕಿನ ಜೋಳವನ್ನೇ ಹೊತ್ತ ಹೊಲಕ್ಕೆ ಒಮ್ಮೆ ನೆಲಗಡಲೆ ಬಿತ್ತಿದರೆ ಕಸುವು ಮರಳುತ್ತದೆಂಬುದು ತಾನಾಗಿ ಹೊಳೆದ ದಿನ ಕುಣಿಯುವಂತಾಯಿತು.

ನಾನು ಪಾಸಾದೆ. ಅವರ ಪ್ರಬಂಧ ಅವಧಿಗೆ ಮುಗಿಯದೆ, ಪದವಿ ಒಂದು ವರ್ಷ ಮುಂದೆ ಹೋಯಿತು. ನಾನು ಅಳುಮುಖ ಮಾಡಿಕೊಂಡು ಹೋದಾಗ, "ನೋಡೋಣ ಬಿಡೋ, ನಾನೆಲ್ಲಿ ಓಡ್ಹೋಗ್ತೀನಿ?" ಎಂದು ನನ್ನ ಕೈಗೇ ನೆಲಗಡಲೆ ಸುರಿದರು.

ಇಂಥ ಓದುಗರು ಎಲ್ಲ ಕಾಲೇಜುಗಳಲ್ಲೂ ಒಬ್ಬರೋ ಇಬ್ಬರೋ ಇರುತ್ತಾರೆ. ಪುಟಗಟ್ಟಲೆ ಓದಿ ಒಂದು ಸಾಲನ್ನು ಉಳಿಸಿಕೊಳ್ಳುವ ಅಭ್ಯಾಸವಾದವರಿಗೆ, ಬದುಕಿನಲ್ಲೂ ಏನನ್ನು ಬಿಡಬೇಕು, ಏನನ್ನು ಉಳಿಸಬೇಕು ಎಂಬ ವಿವೇಕ ಬಂದಿರುತ್ತದೆ. ಆ ವರ್ಷ ಅಮಾಯಿ ಪದವಿಯನ್ನು ಬಿಟ್ಟು ನನ್ನನ್ನು ಉಳಿಸಿದ್ದರು.