ತಿರುಗಿ ಹೇಳಿ ಡಾಕ್ಟ್ರೇ

ಆ ನಗೆಡಾಕ್ಟರನ ರಕ್ತದ ಟ್ಯೂಬು ನನ್ನ ಕೈಗೆ ಬಂದದ್ದು ಬುಧವಾರ ಬೆಳಿಗ್ಗೆ ಹತ್ತೂಕಾಲಿಗೆ. ನೀಲಿ ಮುಚ್ಚಳ, ಮೈಮೇಲೆ ಅಂಟಿಸಿದ ಚೀಟಿಯಲ್ಲಿ ಅವನ ಹೆಸರು, ವಯಸ್ಸು, ಮೂರನೇ ಮಹಡಿಯ ವಾರ್ಡು. ಎರಡು ಸಲ ಓದಿದೆ. ಹದಿನಾಲ್ಕು ತಿಂಗಳಿಂದ ಯಾರು ಹಾಳಾಗಿ ಹೋಗಲಿ ಎಂದು ಶಪಿಸುತ್ತಿದ್ದೆನೋ ಅವನೇ. ಸುಳ್ಳು ಯಾಕೆ ಹೇಳಲಿ, ನನಗೆ ಹಿಗ್ಗಾಯಿತು.

ನಾನು ಆಸ್ಪತ್ರೆಯ ನೆಲಮಹಡಿಯ ಲ್ಯಾಬಿನಲ್ಲಿ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡುವವಳು. ಹತ್ತೊಂಬತ್ತು ವರ್ಷವಾಯಿತು. ಯಾರ ರಕ್ತ ಎಷ್ಟು ಸೆಕೆಂಡಿಗೆ ಗಟ್ಟಿಯಾಗುತ್ತದೆ ಎಂದು ನೋಡುತ್ತ ಕೂರುವುದೇ ಕೆಲಸವಾದ್ದರಿಂದ ವಾರ್ಡಿನವರೆಲ್ಲ ಸೇರಿ ನನಗೆ ಸೆಕೆಂಡಮ್ಮ ಎಂದು ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ. ನಗೆಡಾಕ್ಟರ್ ಎಂಬ ಹೆಸರನ್ನು ಇಟ್ಟವಳು ನಾನು. ಸಾವಿನ ಸುದ್ದಿಯನ್ನೂ ಹಲ್ಲು ಕಿರಿದುಕೊಂಡೇ ಹೇಳುವ ಮನುಷ್ಯ ಅವನು.

ನನ್ನ ತಮ್ಮ ದರ್ಜಿ. ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ. ಹದಿನಾಲ್ಕು ತಿಂಗಳ ಹಿಂದೆ ಕೆಂಡದಂಥ ಜ್ವರ ಬಂದು ಮೂರನೇ ಮಹಡಿಯಲ್ಲಿ ಇದೇ ನಗೆಡಾಕ್ಟರ್ ಮುಖ್ಯಸ್ಥನಾಗಿದ್ದ ವಾರ್ಡಿಗೆ ಸೇರಿದ. ಬೆರಳ ತುದಿಗಳಲ್ಲೆಲ್ಲ ನೇರಳೆ ಕಲೆ. ಅವನ ರಕ್ತವನ್ನು ಮಷೀನಿಗೆ ಹಾಕಿದವಳು ನಾನೇ. ಪ್ರೋಟೀನ್ ಸಿ ಎಂಬುದೊಂದಿದೆ. ರಕ್ತ ಅತಿಯಾಗಿ ಹೆಪ್ಪುಗಟ್ಟದಂತೆ ಬ್ರೇಕು ಹಾಕುವುದು ಅದರ ಕೆಲಸ. ಇನ್ನೊಂದು ಕೆಲಸವನ್ನೂ ಅದು ಮಾಡುತ್ತದೆ, ಅದನ್ನು ಹಲವರು ಮರೆಯುತ್ತಾರೆ. ರಕ್ತನಾಳದ ಒಳಗೋಡೆಯ ಜೀವಕೋಶಗಳಿಗೆ ‘ಸಾಕು, ಸುಮ್ಮನಿರಿ’ ಎಂದು ಸೂಚನೆ ಕೊಟ್ಟು ಉರಿಯೂತವನ್ನು ತಣಿಸುತ್ತದೆ. ಸೋಂಕು ವಿಪರೀತವಾದಾಗ ಈ ಪ್ರೋಟೀನು ಮುಗಿದುಹೋಗುತ್ತ ಬರುತ್ತದೆ. ಆಗ ಉರಿಯೂತ ಹೆಚ್ಚಿದಷ್ಟೂ ಸಣ್ಣ ನಾಳಗಳಲ್ಲಿ ಹೆಪ್ಪು, ಹೆಪ್ಪು ಕಟ್ಟಿದಷ್ಟೂ ಉರಿಯೂತ. ಬೆರಳುಗಳಿಗೆ ರಕ್ತವೇ ಹೋಗುವುದಿಲ್ಲ. ಎಪ್ಪತ್ತಕ್ಕಿಂತ ಮೇಲಿರಬೇಕಾದದ್ದು ತಮ್ಮನಿಗೆ ಹನ್ನೊಂದು ಪರ್ಸೆಂಟ್ ಇತ್ತು.

ಇಂಥ ಅಪಾಯದ ಸಂಖ್ಯೆ ಬಂದರೆ ನಾವು ಕೂಡಲೇ ವಾರ್ಡಿಗೆ ಫೋನ್ ಮಾಡಬೇಕು. ಕೇಳಿಸಿಕೊಂಡವರು ಅದನ್ನು ತಿರುಗಿ ಹೇಳಬೇಕು. ತಿರುಗಿ ಹೇಳಿದ ಮೇಲೆಯೇ ಅವರ ಹೆಸರು, ಗಂಟೆ, ನಿಮಿಷವನ್ನು ಪುಸ್ತಕದಲ್ಲಿ ಬರೆಯುವುದು. ಹೇಳದಿದ್ದರೆ ಬರೆಯುವಂತಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ನಾನು ಈ ಪದ್ಧತಿ ತಪ್ಪಿದವಳಲ್ಲ.

ಆವತ್ತು ಫೋನ್ ಎತ್ತಿದವನು ನಗೆಡಾಕ್ಟರನೇ.

"ನನ್ನ ತಮ್ಮಂದು ಪ್ರೋಟೀನ್ ಸಿ ಹನ್ನೊಂದು ಬಂದಿದೆ ಡಾಕ್ಟ್ರೇ. ತಿರುಗಿ ಹೇಳಿ."

"ಏನಮ್ಮಾ ಇದು, ಮಗ್ಗಿ ಒಪ್ಪಿಸೋ ಹಾಗೆ ಒಪ್ಪಿಸ್ಬೇಕಾ ನಿಮಗೆ?" ಎಂದು ನಕ್ಕ. "ಅವನಿಗಿರೋದು ಸೋಂಕು, ಉರಿಯೂತ. ಅದಕ್ಕೆ ಔಷಧಿ ಹೋಗ್ತಾ ಇದೆ. ಹೆಪ್ಪುಗಿಪ್ಪು ಎಲ್ಲ ಆಮೇಲೆ ನೋಡೋಣ."

"ಎರಡೂ ಒಂದೇ ಗೋಳು ಡಾಕ್ಟ್ರೇ. ಬ್ರೇಕೇ ಇಲ್ಲ ಅವನ ಮೈಯಲ್ಲಿ..."

"ಸೆಕೆಂಡಮ್ಮಾ, ನೀವು ಸೆಕೆಂಡ್ ಎಣಿಸಿ. ಡಾಕ್ಟರಿಕೆ ನನಗೆ ಬಿಡಿ."

ನನಗೆ ಮೈಯೆಲ್ಲ ಉರಿದುಹೋಯಿತು. ಫೋನ್ ಕುಕ್ಕಿದೆ. ಬೇಕಾದರೆ ಅವನೇ ಕರೆಯಲಿ ಎಂದು ಹಲ್ಲು ಕಚ್ಚಿಕೊಂಡು ಕೂತೆ. ಅವನು ಕರೆಯಲಿಲ್ಲ. ತಿರುಗಿ ಹೇಳಿರಲಿಲ್ಲವಲ್ಲ, ನಾನೂ ಪುಸ್ತಕದಲ್ಲಿ ಬರೆಯಲಿಲ್ಲ. ಮಾರನೆಯ ದಿನ ಬೇರೊಬ್ಬ ಡಾಕ್ಟರು ರಿಪೋರ್ಟ್ ನೋಡಿ ಗಾಬರಿಯಾಗಿ, ಆ ಪ್ರೋಟೀನನ್ನು ತುಂಬಿಕೊಡುವ ಪ್ಲಾಸ್ಮಾ, ಎಂದರೆ ರಕ್ತದ ತಿಳಿಭಾಗ, ಹಾಕಿಸುವ ಹೊತ್ತಿಗೆ ಬೆರಳುಗಳು ಕಪ್ಪಾಗಿದ್ದವು. ಜೀವ ಉಳಿಯಿತು. ಬಲಗೈಯಲ್ಲಿ ನಾಲ್ಕು, ಎಡಗೈಯಲ್ಲಿ ಮೂರು ಬೆರಳು ಹೋದವು.

ವಿಚಾರಣೆಯಲ್ಲಿ ನಗೆಡಾಕ್ಟರ್ ಏನೂ ಅರಿಯದವನ ಹಾಗೆ, "ಲ್ಯಾಬಿಂದ ನನಗೆ ಯಾರೂ ಫೋನ್ ಮಾಡ್ಲಿಲ್ಲ. ಪುಸ್ತಕ ತೆಗೆದು ನೋಡಿ" ಎಂದ. ನೋಡಿದರು. ಅಲ್ಲೇನಿದೆ, ಮಣ್ಣು! ಎಚ್ಚರಿಕೆಯ ಪತ್ರ ನನ್ನ ಕೈಗೇ ಬಂತು. ಅದನ್ನು ಓದುವಾಗಲೂ ಆ ಮಹಾನುಭಾವ ಮೇಜಿನ ಆಚೆ ಕೂತು ನಗುತ್ತಲೇ ಇದ್ದ.

ತಮ್ಮ ಮಾತ್ರ ಒಂದು ದಿನವೂ ಅವನನ್ನು ಬೈಯಲಿಲ್ಲ. ಈಗ ಅವನ ಹೆಂಡತಿ ಹೊಲಿಯುತ್ತಾಳೆ, ಅವನು ಪಕ್ಕದಲ್ಲಿ ಕೂತು ಹೇಗೆ ಕತ್ತರಿಸಬೇಕೆಂದು ಹೇಳುತ್ತಾನೆ. "ನಾನೀಗ ಮೇಸ್ತ್ರಿ ಕಣ್ರೀ, ಬಾಯಲ್ಲೇ ಎಲ್ಲ ಕೆಲಸ" ಎಂದು ಗಿರಾಕಿಗಳ ಹತ್ತಿರ ತಮಾಷೆ ಮಾಡುತ್ತಾನೆ. ಅಂಗಿಯ ಗುಂಡಿಯನ್ನು ಹೆಂಡತಿ ಹಾಕಬೇಕು. ಅದನ್ನು ಕಂಡಾಗಲೆಲ್ಲ ನನ್ನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ಅವನ ಪಾಲಿನ ದ್ವೇಷವನ್ನೂ ನಾನೇ ಸಾಕಿದೆ.

ಈಗ ಆ ನಗೆಡಾಕ್ಟರನೇ ರೋಗಿ. ಪಿತ್ತಕೋಶದ ಆಪರೇಶನ್ ಆಗಿತ್ತಂತೆ, ಸೋಂಕು ತಗುಲಿ ಜ್ವರ ಏರಿತ್ತಂತೆ. ಟ್ಯೂಬನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ಪ್ಲಾಸ್ಮಾ ಬೇರೆ ಮಾಡಿ ಮಷೀನಿಗೆ ಹಾಕಿದೆ. ಪ್ರೋಟೀನ್ ಸಿ ಹತ್ತೊಂಬತ್ತು. ಮತ್ತೊಮ್ಮೆ ಹಾಕಿದೆ. ಹತ್ತೊಂಬತ್ತೇ.

"ಅನುಭವಿಸು ಮಗನೇ" ಎಂದೆ, ಗಟ್ಟಿಯಾಗಿಯೇ. ಫೋನಿನ ಕಡೆ ಕೈ ಹೋಗಲಿಲ್ಲ. ಕಾಫಿ ಕುಡಿದು, ಬೇರೆ ನಾಲ್ಕು ಟ್ಯೂಬು ಮುಗಿಸಿ ಆಮೇಲೆ ಹೇಳಿದರೆ ಯಾರು ಕೇಳುತ್ತಾರೆ? ಒಂದು ಗಂಟೆ ತಡವಾದರೆ ಒಂದು ಬೆರಳು, ಎರಡು ಗಂಟೆಗೆ ಎರಡು. ಹೀಗೆ ಎಣಿಸುತ್ತ ಕೂತೆ. ಆಮೇಲೆ ಅನ್ನಿಸಿತು, ಸತ್ತುಹೋದರೆ ನನಗೇನು ಬಂತು? ನಾಲ್ಕು ಜನ ಸೇರಿ ಎಂಥ ನಗುಮುಖ ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಅದಾಗಕೂಡದು. ಅವನ ಬಾಯಿಂದಲೇ ನಿಜ ಹೊರಡಬೇಕು, ಎಲ್ಲರೆದುರು, ಅವನಿಗೆ ನಡುಕ ಹುಟ್ಟಿರುವಾಗಲೇ.

ಪುಸ್ತಕ ಕಂಕುಳಲ್ಲಿಟ್ಟುಕೊಂಡು ಓಡಿದೆ. ಲಿಫ್ಟು ಯಾವುದೋ ಮಹಡಿಯಲ್ಲಿ ನಿಂತಿತ್ತು, ಕಾಯಲಿಲ್ಲ. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ಅವನ ಮಂಚದ ಮುಂದೆ ನಿಂತೆ. ಅವನ ಹೆಂಡತಿ, ವಾರ್ಡಿನ ಹಿರಿಯ ಸಿಸ್ಟರ್, ಒಬ್ಬ ಕಿರಿಯ ಡಾಕ್ಟರ್ ಅಲ್ಲಿದ್ದರು.

"ರಿಪೋರ್ಟ್ ಹೇಳೋಕೆ ಮೇಲೇ ಬರ್ಬೇಕಿತ್ತಾ? ಫೋನ್ ಮಾಡಿದ್ರೆ ಆಗ್ತಿತ್ತು" ಎಂದರು ಸಿಸ್ಟರ್.

"ಫೋನ್ ಮಾಡಿದ್ರೆ ಇವರಿಗೆ ಕೇಳ್ಸಲ್ಲ ಸಿಸ್ಟರ್." ಅವನ ಕಡೆ ತಿರುಗಿದೆ. "ಪ್ರೋಟೀನ್ ಸಿ ಹತ್ತೊಂಬತ್ತು. ತಿರುಗಿ ಹೇಳಿ ಡಾಕ್ಟ್ರೇ."

ಅವನ ಮುಖದಲ್ಲಿ ನಗೆ ಇರಲಿಲ್ಲ. ಆ ಸಂಖ್ಯೆ ಏನು ಮಾಡುತ್ತದೆ ಎಂಬುದು ಅವನಿಗೆ ನನ್ನ ತಮ್ಮನಿಂದಲೇ ಗೊತ್ತಿತ್ತು. "ಹತ್ತೊಂಬತ್ತು" ಎಂದ. ಕಿರಿಯ ಡಾಕ್ಟರ್ ಪ್ಲಾಸ್ಮಾ ತರಿಸಲು ಓಡಿದ. ನಾನು ಕದಲಲಿಲ್ಲ.

"ಇನ್ನೊಂದಿದೆ. ಹದಿನಾಲ್ಕು ತಿಂಗಳ ಹಿಂದಿಂದು, ನನ್ನ ತಮ್ಮಂದು. ಹನ್ನೊಂದು. ತಿರುಗಿ ಹೇಳಿ."

"ಜ್ವರದಲ್ಲಿರೋ ಮನುಷ್ಯನ ಹತ್ರ ಇದೇನಮ್ಮಾ ನಿಮ್ಮದು?" ಎಂದು ಅವನ ಹೆಂಡತಿ ಅಡ್ಡ ಬಂದರು.

"ನನ್ನ ತಮ್ಮನೂ ಜ್ವರದಲ್ಲೇ ಇದ್ದ ಕಣಮ್ಮಾ. ಇವರನ್ನೇ ಕೇಳಿ."

ಅವನು ಹಾಸಿಗೆಯ ಮೇಲಿದ್ದ ತನ್ನ ಕೈಗಳನ್ನು ನೋಡಿಕೊಂಡ, ಬೆರಳು ಮಡಚಿ ಬಿಡಿಸಿದ. "ಹನ್ನೊಂದು" ಎಂದ. ನಾನು ಪುಸ್ತಕ ಬಿಚ್ಚಿ ಪೆನ್ನು ಹಿಡಿದೆ. "ಆವತ್ತು ಇವರು ಫೋನ್ ಮಾಡಿದ್ರು. ನಾನೇ ಎತ್ತಿದ್ದೆ. ವಿಚಾರಣೇಲಿ ಸುಳ್ಳು ಹೇಳ್ದೆ."

ಅಲ್ಲೇ ನಿಂತು ಎರಡನ್ನೂ ಬರೆದೆ. ಸಾಕ್ಷಿಗೆ ಸಿಸ್ಟರ್ ಸಹಿ ಹಾಕಿದರು. ಮೆಟ್ಟಿಲು ಇಳಿಯುವಾಗ ನನಗೆ ಹಾಡಬೇಕೆನ್ನಿಸಿತು. ಹತ್ತೇ ದಿನದಲ್ಲಿ ನನಗೆ ಕೊಟ್ಟಿದ್ದ ಎಚ್ಚರಿಕೆಯ ಪತ್ರವನ್ನು ವಾಪಸು ಪಡೆದರು. ವಾರ್ಡಿನ ಮುಖ್ಯಸ್ಥನ ಕುರ್ಚಿಯಿಂದ ಅವನನ್ನು ಇಳಿಸಿದರು. ಸೇಡು ತೀರಿತು ಎಂದರೆ ಹೀಗೆ ತೀರಬೇಕು ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಭಾನುವಾರ ಮಧ್ಯಾಹ್ನ ತಮ್ಮನ ಅಂಗಡಿಗೆ ಹೋಗಿ ಎಲ್ಲವನ್ನೂ ಉಪ್ಪುಖಾರ ಹಚ್ಚಿ ಹೇಳಿದೆ. ಅವನ ಹೆಂಡತಿ ಹೊಲಿಗೆ ನಿಲ್ಲಿಸಿ ಬಾಯಿಬಿಟ್ಟುಕೊಂಡು ಕೇಳಿದಳು. "ಚೆನ್ನಾಗಿ ಮಾಡಿದ್ರಿ ಅತ್ತಿಗೆ, ಅವನಿಗೆ ಹಾಗೇ ಆಗ್ಬೇಕು" ಎಂದಳು.

"ಅವನ ಬೆರಳು?" ಎಂದ ತಮ್ಮ.

"ಹತ್ತೂ ನೆಟ್ಟಗಿದೆ. ಬೇಗ ಪ್ಲಾಸ್ಮಾ ಹೋಯ್ತಲ್ಲ. ಲಿಫ್ಟಿಗೂ ಕಾಯದೇ ಓಡಿದೆ ಕಣೋ ನಾನು, ಮೂರು ಮಹಡಿ. ಈ ವಯಸ್ಸಲ್ಲಿ!"

ಅವನು ತಮಾಷೆ ಮಾಡುತ್ತಾನೆ ಎಂದು ಕಾದೆ. ಮಾಡಲಿಲ್ಲ. ಉಳಿದಿರುವ ಹೆಬ್ಬೆರಳಿನಿಂದ ಮೇಜಿನ ಮೇಲಿದ್ದ ಬಟ್ಟೆಯ ಸುಕ್ಕನ್ನು ಒತ್ತಿ ಒತ್ತಿ ಬಿಡಿಸಿದ.

"ನಾನೂ ಅದೇ ಮಹಡೀಲಿ ಇದ್ದೆ ಅಲ್ವಾ ಅಕ್ಕ" ಎಂದ. "ಆವತ್ತು ಯಾಕೆ ಓಡಿ ಬರ್ಲಿಲ್ಲ?"

ಅವನ ಹೆಂಡತಿ ತಲೆ ತಗ್ಗಿಸಿ ಮತ್ತೆ ಹೊಲಿಗೆ ಶುರುಮಾಡಿದಳು. ಪದ್ಧತಿ, ಆ ಡಾಕ್ಟರನ ನಗೆ, ನಾನು ಫೋನ್ ಕುಕ್ಕಿದ್ದು, ಅವನೇ ಕರೆಯಲಿ ಎಂದು ಬಿಗುಮಾನ ಮಾಡಿಕೊಂಡು ಕೂತದ್ದು, ಎಲ್ಲ ನಾಲಗೆಯ ತುದಿಗೆ ಬಂತು. ತಮ್ಮನ ಮುಖ ನೋಡುವ ಬದಲು ಬಟ್ಟೆಯ ಇನ್ನೊಂದು ತುದಿ ಹಿಡಿದು ಅವನಿಗಾಗಿ ಬಿಗಿಯಾಗಿ ಎಳೆದೆ.