ಮೊಳದ ಮೇಲೊಂದು ಗೇಣು

ಜೇಬಿನ ತೇವ ತೊಡೆಗೆ ಇಳಿಯುತ್ತಿದೆ, ಬಾಳೆಎಲೆಯಲ್ಲಿ ಅಷ್ಟು ಬಿಗಿಯಾಗಿ ಸುತ್ತಿದ್ದರೂ ರಹಮತ್ ಬೀ ಚಿಮುಕಿಸಿದ ನೀರು ಜುಬ್ಬ ದಾಟಿ ಪಂಚೆ ಮುಟ್ಟಿದೆ, ಪಕ್ಕದವರು ನೋಡಿದರೆ ಏನೆಂದುಕೊಂಡಾರು, ಕರಿಬಸವರಾಜ ಕಾಲು ಮಡಿಸಿ ಕೂತ, ಮತ್ತೆ ಚಾಚಿದ — ಹೂವಾದರೂ ಎಷ್ಟು, ಒಂದು ಮೊಳ, ಮೊಳದ ಮೇಲೊಂದು ಗೇಣು, ಬೆಳಿಗ್ಗೆ ಕೆ.ಬಿ. ಬಡಾವಣೆಯ ತಿರುವಿನಲ್ಲಿ ಬುಟ್ಟಿ ಮುಂದಿಟ್ಟುಕೊಂಡು ಕೂತ ರಹಮತ್ ಬೀ ಬೆರಳ ತುದಿಯಿಂದ ಮೊಣಕೈವರೆಗೆ ಮಲ್ಲಿಗೆಯ ಎಳೆ ಹಿಡಿದು ಅಳೆದವಳು, ದಾರ ಕಡಿಯುವ ಮುಂಚೆ ತಡೆದು ಇನ್ನೊಂದು ಗೇಣು ಬಿಟ್ಟಳು, ಯಾಕವ್ವ ಇದು ಎಂದರೆ, ಇರ್ಲಿ ಸಾವುಕಾರ್ರೆ, ಇವತ್ತು ನಮ್ ಭಾಗ್ಯಕ್ಕ ಓದಾಕ ಹೊಂಟಾರಲ್ಲ, ಎಂದು ಎಲೆ ಸುತ್ತಿ ಕೊಟ್ಟಳು, ಅವನು ಜೇಬಿಗೆ ಹಾಕಿಕೊಂಡ, ಅಷ್ಟೇ, ಹೆಂಡತಿಗೆ ಕೊಡಲಿಲ್ಲ. ದಾವಣಗೆರೆಯಿಂದ ಹರಿಹರದವರೆಗೆ ಬಸ್ಸಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತಿದ್ದಳು, ಕೈ ಜೇಬಿಗೆ ಹೋಗುತ್ತಿತ್ತು, ಬರುತ್ತಿತ್ತು, ಕೂದಲು ಉದುರಿದವಳ ಕೈಗೆ ಹೂವು ಕೊಡುವುದು ಮರ್ಯಾದೆಯೋ, ಗಾಯದ ಮೇಲಿನ ಬರೆಯೋ, ಯಾರನ್ನು ಕೇಳುವುದು, ಕೇಳುವ ಮಾತೇ ಅವನಿಗೆ ಎಂದೂ ಬಂದದ್ದಲ್ಲ, ಅವನಿಗೆ ಬರುವುದು ಕಿವಿಗೊಡುವುದು. ಅವ್ವ ರೊಟ್ಟಿ ಬಡಿಯುತ್ತ ಪದ್ಯ ಹೇಳುತ್ತಿದ್ದಳು, ಅವಳ ಬೆನ್ನಿಗೆ ಒರಗಿ ಕೇಳುತ್ತಿದ್ದ, ಬೆನ್ನಿನೊಳಗಿಂದ ಬರುತ್ತಿತ್ತು ಆ ದನಿ, ಆಮೇಲೆ ಮದುವೆಯಾಗಿ ಬಂದ ಭಾಗ್ಯಲಕ್ಷ್ಮಿ ಬಾಯಿ ತೆರೆದಾಗ ಅದೇ ದನಿ ಇನ್ನೊಂದು ಬಾಗಿಲಿಂದ ಬಂದಂತಾಯಿತು, ಅಂದಿನಿಂದ ಶ್ರಾವಣ ಬಂತೆಂದರೆ ಹರಿಹರದ ಈ ಸಭಾಭವನ, ವೇದಿಕೆಯ ಮೇಲೆ ಅವಳು ಪುರಾಣ ಓದುವುದು, ಮೂರನೇ ಸಾಲಿನ ಕಂಬದ ಪಕ್ಕ ಕೂತು ಅವನು ಕೇಳುವುದು, ಹೊಳೆಯ ಗಾಳಿ ಕಿಟಕಿಯಿಂದ ಬಂದು ಪುಟ ಹಾರಿಸುವುದು, ಅವಳು ಎಡಗೈಯಿಂದ ಒತ್ತಿ ಹಿಡಿಯುವುದು — ನೋಡು, ಓದು ಇನ್ನೂ ಶುರುವಾಗಿಲ್ಲ, ಈಗಲೂ ಹಾಗೇ ಒತ್ತಿ ಹಿಡಿದಿದ್ದಾಳೆ, ಬಲಗೈ ಮಾತ್ರ ಸೆರಗನ್ನು ಹಣೆಯ ತನಕ ಎಳೆದುಕೊಳ್ಳುತ್ತಿದೆ.

ಆ ಸೆರಗಿನ ಕೆಳಗೆ ಏನಿದೆ ಎಂದು ಸಭೆಗೆಲ್ಲ ಗೊತ್ತು, ಗೊತ್ತಿಲ್ಲದವರಿಗೆ ಗೊತ್ತಿದ್ದವರು ಹೇಳಿರುತ್ತಾರೆ, ಯುಗಾದಿಯ ಎಣ್ಣೆಸ್ನಾನದ ದಿನ ಬೆರಳಿಗೆ ಸುತ್ತಿಕೊಂಡು ಬಂತು ಮೊದಲ ಹಿಡಿ, ಆಮೇಲೆ ಕಿವಿಯ ಹಿಂದೆ ರೂಪಾಯಿ ಅಗಲ, ಆಮೇಲೆ ನೆತ್ತಿ, ಗರಗದ ಸೊಪ್ಪಿನ ಎಣ್ಣೆ ಆಯಿತು, ಈರುಳ್ಳಿ ರಸ ಆಯಿತು, ಮನೆಯೆಲ್ಲ ಖಾನಾವಳಿಯ ವಾಸನೆ, ಸರಸ್ವತಿ ನಗರದ ಡಾಕ್ಟರಮ್ಮ ಹೇಳಿದರು, ಜೀವಕ್ಕೇನೂ ಇಲ್ಲಮ್ಮ, ಮೈಯನ್ನು ಕಾಯಬೇಕಾದದ್ದೇ ಕೂದಲನ್ನು ವೈರಿ ಅಂದುಕೊಂಡಿದೆ, ಬರಬಹುದು, ಬರದೇನೂ ಇರಬಹುದು. ಜೀವಕ್ಕೇನೂ ಇಲ್ಲ ಎಂದ ಕೂಡಲೇ ಅವನಿಗೆ ಸಮಾಧಾನ, ಅವಳಿಗೆ ಅಲ್ಲ, ಆಟೋದಲ್ಲಿ ಕೂತು ಹೊರಗೆ ನೋಡುತ್ತಿದ್ದಳು, ಜೀವ ಎಂದರೆ ಅವಳಿಗೆ ಮೊಣಕಾಲು ಮುಟ್ಟುತ್ತಿದ್ದ ಆ ಜಡೆಯೂ ಅಲ್ಲವೇ, ಅವನ ತಲೆ ಮೂವತ್ತಕ್ಕೇ ಬೋಳಾಗಿ ಕಾಳಿನ ಅಂಗಡಿಯ ಗಲ್ಲಾದಲ್ಲಿ ಮಿಂಚುತ್ತಿತ್ತು, ಸಾವುಕಾರನ ಲಕ್ಷಣ ಎಂದು ಜನ ನಕ್ಕು ಮರೆತರು, ಅವಳದ್ದಾದರೆ ಮರುಗಿದರು, ಮರುಗುವುದನ್ನು ಅವಳು ತಡೆದುಕೊಳ್ಳಲಾರಳು. ತಂದ ವಿಗ್ಗನ್ನು ಒಂದೇ ದಿನ ಹಾಕಿದಳು, ತುರಿಕೆ ತಾಳಲಾರದೆ ಕಿತ್ತು ದಿಂಬಿನ ಮೇಲೆ ಇಟ್ಟಳು, ಸಂಜೆ ಅಂಗಡಿಯಿಂದ ಬಂದವನು ಕತ್ತಲಲ್ಲಿ ನೋಡಿ, ಏ ಭಾಗ್ಯ, ಬೆಕ್ಕು ಬಂದು ಮಲಗೈತೆ ನೋಡು, ಎಂದು ಕೋಲು ತಂದ, ಅವಳು ಗೋಡೆ ಹಿಡಿದುಕೊಂಡು ನಕ್ಕಳು, ನಗುನಗುತ್ತ ಅತ್ತಳು, ಮರುದಿನ ಹಿತ್ತಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಕರೆದಳು, ರೀ, ನಿಮ್ಮ ರೇಜರ್ ತರ್ರಿ, ಅಲ್ಲಲ್ಲಿ ಉಳಿದದ್ದು ನನ್ನ ಅಣಗಿಸ್ತೈತೆ, ತೆಗೆದುಬಿಡ್ರಿ. ಅವನು ರೇಜರನ್ನು ಎರಡೆರಡು ಸಲ ಒರೆಸಿದ, ಅವಳ ಕುತ್ತಿಗೆ ಅಲುಗಲಿಲ್ಲ, ಸೋಪಿನ ನೊರೆಯ ಕೆಳಗಿಂದ ಒಂದೊಂದೇ ಪಟ್ಟಿಯಾಗಿ ತಲೆ ಬೆಳಕಿಗೆ ಬಂತು, ಮೂವತ್ತು ವರ್ಷ ಜೊತೆಗಿದ್ದೂ ಅವನು ಕಂಡಿರದ ಒಂದು ಮಚ್ಚೆ, ನೆತ್ತಿಯ ಎಡಕ್ಕೆ, ಎಳ್ಳುಕಾಳಿನಷ್ಟು, ಇದು ಇಷ್ಟು ದಿನ ಎಲ್ಲಿ ಅಡಗಿತ್ತು ಎಂದು ಅವನು ಬೆರಳಿಟ್ಟಾಗ, ಮುಗೀತಲ್ಲ, ಈಗ ನೀವೂ ನಾನೂ ಒಂದ ಕಂಪನಿ, ಎಂದಳು. ಶುಕ್ರವಾರದ ಹೂವು ಮಾತ್ರ ಅವಳ ತಲೆ ಬಿಟ್ಟು ಕನ್ನಡಿಯ ಮೊಳೆಗೆ ಹೋಯಿತು, ಅಲ್ಲೇ ತೂಗಿ ಅಲ್ಲೇ ಒಣಗುತ್ತಿತ್ತು, ಅವಳು ಬೇಡ ಎನ್ನಲಿಲ್ಲ, ಅವನು ಹಾಕಿಕೋ ಎನ್ನಲಿಲ್ಲ, ಕನ್ನಡಿಯ ಮೇಲೆ ಆ ಬಿಳಿ ಎಳೆ, ಕೆಳಗೆ ಅವಳ ಬೋಳು ತಲೆ, ಎರಡೂ ಒಂದೇ ಗಾಜಿನಲ್ಲಿ ಕಾಣುತ್ತಿದ್ದವು, ನಡುವೆ ಒಂದು ಗೇಣು.

ಇವತ್ತಿನದು ಗಿರಿಜೆಯ ತಪಸ್ಸಿನ ಸಂಧಿ, ತಪಸ್ಸಿಗೆ ಹೊರಡುವ ಮುನ್ನ ದೇವಿಯ ಮುಡಿಯ ವರ್ಣನೆ, ಪದ್ಯದ ಮೇಲೆ ಪದ್ಯ, ದುಂಬಿಯ ಹಿಂಡು, ಕಾರ್ಮೋಡ, ನವಿಲಗರಿ, ಅದಕ್ಕೇ ಮಹಿಳಾ ಸಂಘದ ಕಸ್ತೂರಮ್ಮ ಹೋದ ವಾರ ಫೋನ್ ಮಾಡಿದ್ದರು, ಭಾಗ್ಯಕ್ಕ, ಈ ಸಲ ಆ ಸಂಧಿ ಬ್ಯಾಡ ಬಿಡ್ರಿ, ಮುಂದಿಂದು ಓದ್ರಿ, ಯಾಕ ಸುಮ್ನ ನಿಮಗ ಮುಜುಗರ, ಎಂದು, ಕಸ್ತೂರಮ್ಮ ಒಳ್ಳೆಯ ಹೆಂಗಸು, ಮನಸ್ಸಿನಲ್ಲಿ ಕಲ್ಮಷವಿಲ್ಲ, ಇವಳು ಸ್ಪೀಕರ್ ಹಾಕಿಕೊಂಡೇ ಅಕ್ಕಿ ಆರಿಸುತ್ತ ಹೇಳಿದಳು, ಗಿರಿಜಾದೇವಿ ಕೂದ್ಲ ಓದಾಕ ನನ್ನ ಕೂದ್ಲ ಯಾಕ ಬೇಕ್ರಿ ಕಸ್ತೂರಮ್ಮ, ಬಾಯಿ ಇದ್ರ ಸಾಲ್ದೇನು. ಎಲ್ಲಿಂದ ಬರುತ್ತವೆ ಇವಳಿಗೆ ಈ ಮಾತುಗಳು, ಇವತ್ತು ಬಸ್ಸಿನಲ್ಲೂ ಮುಂದಿನ ಸೀಟಿನ ಅಜ್ಜಿ ಗಾಳಿಗೆ ಸೆರಗು ಜಾರಿದ್ದನ್ನು ನೋಡಿ ಕೈ ಮುಗಿದಳು, ಯಾವ ದೇವರಿಗೆ ಮುಡಿ ಕೊಟ್ಟೆ ತಾಯಿ, ಹೌದು ಎಂದು ಒಂದು ದೇವರ ಹೆಸರು ಹೇಳಿದ್ದರೆ ಮುಗಿಯುತ್ತಿತ್ತು, ಪುಣ್ಯವಂತಿ ಎನ್ನಿಸಿಕೊಳ್ಳಬಹುದಿತ್ತು, ಇವಳು ಸೆರಗು ಸರಿಮಾಡಿಕೊಳ್ಳುತ್ತ, ನಾ ಕೊಡಲಿಲ್ಲವ್ವ, ಕೇಳಲಿಲ್ಲ ಆತ, ತಾನ ತಗಂಡ, ಎಂದಳು, ಅಜ್ಜಿಗೆ ನಗಬೇಕೋ ಮರುಗಬೇಕೋ ತಿಳಿಯಲಿಲ್ಲ, ಅವನಿಗೆ ಅಲ್ಲೇ ಎದ್ದು ಕೈ ಮುಗಿಯಬೇಕು ಅನ್ನಿಸಿತ್ತು. ಆದರೆ ಊರು ಹತ್ತಿರ ಬಂದಾಗ ಮೆತ್ತಗೆ ಅಂದದ್ದೂ ಇವಳೇ, ರೀ, ಇವತ್ತು ನನ್ನ ದನಿ ನಡುಗಿದ್ರ ಮುಗೀತು, ಪುಸ್ತಕ ಸಂಘದವರ ಕೈಗೆ ಕೊಟ್ಟು ಬಂದುಬಿಡ್ತೀನಿ, ಇನ್ ಮುಂದ ಓದಂಗಿಲ್ಲ — ಅದೇ ಅವನ ಎದೆಯಲ್ಲಿ ಕಲ್ಲಾಗಿ ಕೂತಿದೆ, ಆ ದನಿ ನಿಂತ ಮನೆಯಲ್ಲಿ ಅವನು ಏನನ್ನು ಕೇಳಿಕೊಂಡು ಬದುಕುವುದು. ಈಗ ವೇದಿಕೆಯಲ್ಲಿ ತಟ್ಟೆ ಹೊರಟಿತು, ಓದು ಶುರುವಾಗುವ ಮುನ್ನ ವೇದಿಕೆಯ ಮುತ್ತೈದೆಯರಿಗೆಲ್ಲ ಅರಿಸಿನ ಕುಂಕುಮ, ಹೂವು, ಹಣ್ಣು, ಕಸ್ತೂರಮ್ಮನೇ ಹಿಡಿದಿದ್ದಾರೆ, ಶ್ರುತಿಪೆಟ್ಟಿಗೆಯವಳಿಗೆ ಕುಂಕುಮ, ಹೂವು, ಹಣ್ಣು, ದನಿಗೂಡಿಸುವವಳಿಗೆ ಕುಂಕುಮ, ಹೂವು, ಹಣ್ಣು, ಭಾಗ್ಯಲಕ್ಷ್ಮಿಗೆ ಕುಂಕುಮ — ಹೂವಿಗೆ ಹೋದ ಕೈ ತಡೆಯಿತು, ಕಸ್ತೂರಮ್ಮನ ಕಣ್ಣು ಸೆರಗಿಗೆ ಹೋಗಿ ಬಂತು, ಹೂವನ್ನು ತಟ್ಟೆಯಲ್ಲೇ ಬಿಟ್ಟು ಹಣ್ಣು ಕೊಟ್ಟರು, ಒಂದಲ್ಲ, ಎರಡು, ಹೂವಿನ ಬದಲಿಗೆ ಇನ್ನೊಂದು ಬಾಳೆಹಣ್ಣು. ಕರುಣೆಯಿಂದಲೇ ಮಾಡಿದ್ದು, ಅವನಿಗೆ ಗೊತ್ತು, ಜೇಬಿನಲ್ಲಿ ಇದನ್ನು ಬಚ್ಚಿಟ್ಟುಕೊಂಡ ಅವನ ಕರುಣೆಯೂ ಅದೇ ತಟ್ಟೆಯದು, ಆದರೆ ಸಭೆ ನೋಡಿತು, ಹೂವಿಲ್ಲದೆ ದಾಟಿತು ತಟ್ಟೆ, ಎಂಥವರನ್ನು ದಾಟುತ್ತದೆ ಅದು, ಗಂಡ ಇಲ್ಲದವರನ್ನು, ಅಲ್ರಿ, ನಾನು ಇಲ್ಲೇ ಕೂತೀನಿ, ಕಂಬದ ಪಕ್ಕ, ಉಸಿರಾಡ್ತಾ ಇದ್ದೀನಿ, ನನ್ನ ಯಾಕ ಇಷ್ಟು ಬೇಗ ಹೊರಡಿಸ್ತೀರಿ, ಎನ್ನಬೇಕು, ಎದ್ದು ನಿಂತು ಎನ್ನಬೇಕು, ಯಾವ ಸಭೆಯಲ್ಲೂ ಎದ್ದವನಲ್ಲ, ತೊಡೆ ತಣ್ಣಗಾಗಿದೆ.

ಕಸ್ತೂರಮ್ಮ, ಎಂದಳು ಭಾಗ್ಯಲಕ್ಷ್ಮಿ, ಮೈಕು ಆಗಲೇ ಹಚ್ಚಿದೆ ಎನ್ನುವುದು ಮರೆತಿದ್ದಳೋ, ನೆನಪಿದ್ದೇ ಅಂದಳೋ, ಭವನವೆಲ್ಲ ಕೇಳಿತು, ಬಾಳೆಹಣ್ಣು ಒಂದು ಜಾಸ್ತಿ ಬಂದೈತಲ್ಲ, ಹೂವ ಒಂದು ಕಮ್ಮಿ ಆಗೈತೆ, ಯಾರೋ ಕಿಸಕ್ಕೆಂದರು, ಕಸ್ತೂರಮ್ಮ ಕೆಂಪಾಗಿ, ಅಯ್ಯೋ ಅಲ್ಲ ಭಾಗ್ಯಕ್ಕ, ನಾ ಅಂದ್ಕಂಡೆ, ನಿಮಗ ಎಲ್ಲಿ ಬೇಜಾರಾಗ್ತದೋ ಅಂತ, ಎಂದು ತಟ್ಟೆಗೆ ಕೈ ಹಾಕುವಷ್ಟರಲ್ಲಿ, ಇರ್ಲಿ ಬಿಡ್ರಿ, ನನ್ನ ಹೂವ ನಮ್ಮನೇರ ಜೇಬಿನಾಗ ಐತೆ, ಬಸ್ಸು ಹತ್ತಿದಾಗಿಂದ ಘಮ್ ಅಂತೈತೆ, ಕೊಡ್ತಾರೇನೋ ಕೊಡ್ತಾರೇನೋ ಅಂತ ನೋಡೇ ನೋಡ್ದೆ, ರೀ, ಬರ್ರಿ ಮ್ಯಾಲೆ, ಬಾಡಿಸಿ ಕೊಡ್ತೀರೇನು — ನಗು, ಇಡೀ ಭವನ ನಗುತ್ತಿದೆ, ಅವನು ಯಾವಾಗ ಎದ್ದ, ಪಂಚೆಯ ಒದ್ದೆ ಎಲ್ಲರಿಗೂ ಕಾಣುತ್ತಿದೆ, ಕಾಣಲಿ, ಮೆಟ್ಟಿಲು, ಎಲೆ ಬಿಚ್ಚುವ ಬೆರಳು, ಅವನು ಹೂವನ್ನು ಅವಳ ಕೈಗೆ ಚಾಚಿದ, ಅವಳು ತೆಗೆದುಕೊಳ್ಳಲಿಲ್ಲ, ಸೆರಗನ್ನು ಹಿಂದಕ್ಕೆ ಸರಿಸಿ ತಲೆ ಬಾಗಿಸಿದಳು, ಸಭೆಯ ನಗು ಅಲ್ಲಿಗೇ ನಿಂತಿತು. ಹೊಳೆಯ ಗಾಳಿ, ಕಿಟಕಿಯ ಬೆಳಕು ಆ ನುಣುಪಿನ ಮೇಲೆ, ಎಡಕ್ಕೆ ಆ ಮಚ್ಚೆ, ಸಿಕ್ಕಿಸಲು ಒಂದು ಎಳೆ ಕೂದಲಿಲ್ಲ, ಎಲ್ಲಿ ಇಡಲಿ, ಹೆಂಗ ಇಡಲಿ ಭಾಗ್ಯ ಎಂದು ಮೆಲ್ಲಗೆ ಕೇಳಿದ, ಸುತ್ತ್ರಿ, ಅಷ್ಟೆ, ಎಂದಳು, ಹಣೆಯ ಮೇಲಿಂದ, ಕಿವಿಯ ಮೇಲಿಂದ, ಹಿಂದಕ್ಕೆ, ಮೊಳ ಮುಗಿಯಿತು, ಕೂಡಲಿಲ್ಲ, ಇನ್ನೂ ಬೇಕು, ಆಗ ಬೆರಳಿಗೆ ಸಿಕ್ಕಿತು ಉಳಿದ ಗೇಣು, ರಹಮತ್ ಬೀ ಬಿಟ್ಟ ಗೇಣು, ಓ, ಇದಕ್ಕೇ ಏನವ್ವ, ಬಂದು ಕೂಡಿತು, ಕಟ್ಟುವುದಕ್ಕೂ ಮಿಕ್ಕಿತು, ಕಿವಿಯ ಹಿಂದೆ ಗಂಟು ಹಾಕಿದ. ಅವಳು ತಲೆ ಎತ್ತಿದಳು, ಸೆರಗಿಗೆ ಕೈ ಹೋಗಲಿಲ್ಲ, ಎರಡೂ ಕೈ ಪುಸ್ತಕದ ಮೇಲೆ, ಶ್ರುತಿ ಏರಿತು, ದನಿ ಬಂತು — ಬೆನ್ನಿನೊಳಗಿಂದ ಬಂದಂತೆ, ನಡುಗದೆ, ದೇವಿಯ ಮುಡಿಗೆ ದುಂಬಿಗಳು ಮುತ್ತುತ್ತಿವೆ, ಮೋಡ ಇಳಿಯುತ್ತಿದೆ, ನವಿಲು ನಾಚುತ್ತಿದೆ, ಅವನು ಇಳಿದು ತನ್ನ ಜಾಗಕ್ಕೆ ಹೋಗಬೇಕು, ಹೋಗುತ್ತಿಲ್ಲ, ವೇದಿಕೆಯ ಅಂಚಿನಲ್ಲೇ ನಿಂತಿದ್ದಾನೆ, ಜೀವನವಿಡೀ ಕೇಳಿದವನಿಗೆ ಈಗ ಪದ್ಯ ಕಿವಿಗೆ ಬಿದ್ದೂ ಬೀಳುತ್ತಿಲ್ಲ, ದುಂಬಿ ಎಲ್ಲಿ, ಮೋಡ ಎಲ್ಲಿ, ಬರೀ ಆ ತಲೆ, ಬೋಳು, ಬೆಳಕು, ಸುತ್ತ ಬಿಳಿ ಎಳೆ, ಒಂದು ಮೊಳ, ಮೇಲೊಂದು ಗೇಣು, ಬಿಳಿ ಎಳೆ —