ತಂಬಿಟ್ಟು ಕಲಸುವ ಕೈ

"ಒಂಬತ್ತನೇ ಕ್ಲಾಸೂ ದಾಟಿಲ್ಲ, ಹೆಂಗಸ್ರಿಗೆ ಔಷಧಿ ಹೇಳೋಕೆ ಬಂದ್ಬಿಟ್ಟ ಆಟೋ ಡಾಕ್ಟರು" ಎಂದರು ಸಂಜೀವಪ್ಪ ಮಾವ, ಆಟೋ ಓಡಿಸುವ ನನ್ನ ಕಡೆ ನೋಡಿ. ಕೆ.ಆರ್.ಪುರದ ನಮ್ಮ ಮನೆಯಲ್ಲಿ ಊರಹಬ್ಬದ ಆರತಿಗೆ ತಂಬಿಟ್ಟು ಕಲಸುತ್ತಿದ್ದ ಹೆಂಗಸರೆಲ್ಲ ನಕ್ಕರು. ಅಮ್ಮ ನಗಲಿಲ್ಲ.

ನನ್ನ ಕೈಯಲ್ಲಿ ಅಮ್ಮನ ಮಾತ್ರೆಯ ಸ್ಟ್ರಿಪ್ ಇತ್ತು. ನುಂಗಬೇಕಿದ್ದ ಇಪ್ಪತ್ತು ದಿನದ ಮಾತ್ರೆ ಹಾಗೇ ಉಳಿದಿತ್ತು. ಹೋದ ವರ್ಷ ಅವಳ ಸ್ತನದ ಕ್ಯಾನ್ಸರ್ ಗೆಡ್ಡೆ ತೆಗೆದಿದ್ದರು. ಐದು ವರ್ಷ, ದಿನಕ್ಕೊಂದು ಮಾತ್ರೆ, ತಪ್ಪಿಸಬಾರದು ಎಂದಿದ್ದರು ಡಾಕ್ಟರು.

"ಯಾಕಮ್ಮ ಬಿಟ್ಟೆ?"

"ಅದು ಹಾರ್ಮೋನ್ ಮಾತ್ರೆಯಂತೆ ಕಣೋ ಜಗನ್," ಅಮ್ಮ ಪಿಸುಗುಟ್ಟಿದಳು. "ಮುಟ್ಟು ನಿಂತು ಹತ್ತು ವರ್ಷ ಆಯ್ತು. ಇದನ್ನ ನುಂಗಿ ಮತ್ತೆ ಶುರುವಾದ್ರೆ? ಬದುಕಿ ಬಂದ್ರೆ ಆರತಿ ಹೊರ್ತೀನಿ ಅಂತ ತಾಯಿಗೆ ಹೇಳ್ಕೊಂಡಿದ್ದೀನಿ. ಹಬ್ಬ ಮುಗೀಲಿ, ತಗೋತೀನಿ."

ಮಾವನ ಮೇಲೆ ಸಿಟ್ಟು ಬಂದಿತ್ತು. ಊರ ರೋಗಿಗಳನ್ನೆಲ್ಲ ಆಸ್ಪತ್ರೆಗೆ ಬಿಟ್ಟು ಬರುವ ನಾನು ಅಮ್ಮನ ಡಬ್ಬಿ ತೆಗೆದು ನೋಡಿರಲಿಲ್ಲ. ನನ್ನ ಮೇಲಿನ ಸಿಟ್ಟು ಇನ್ನೂ ದೊಡ್ಡದು.

ಸೀದಾ ಆಸ್ಪತ್ರೆಗೆ ಹೋದೆ. ಅಮ್ಮನನ್ನು ನೋಡಿಕೊಂಡಿದ್ದ ನರ್ಸ್ ಖುರ್ಷೀದಾ ಅಕ್ಕ ಕೆಲಸ ಮುಗಿಸಿ ಶಿವಾಜಿನಗರದ ಮನೆಗೆ ಹೊರಟಿದ್ದರು. ವಿಷಯ ಕೇಳಿ ನನ್ನ ಆಟೋ ಹತ್ತಿದರು. ಬಂದವರೇ ಅಮ್ಮನ ಪಕ್ಕ ನೆಲದ ಮೇಲೆ ಕೂತರು.

"ಆಂಜನಮ್ಮ, ಅಕ್ಕಿಹಿಟ್ಟಿದೆ, ಬೆಲ್ಲ ಇದೆ. ನಿಮ್ ಕೈ ಸುಮ್ನಿದ್ರೆ ತಂಬಿಟ್ಟಾಗುತ್ತಾ?"

"ಹೆಂಗಾಗುತ್ತಮ್ಮ? ಕಲಸ್ಬೇಕಲ್ಲ."

"ಮೈಯೊಳಗೂ ಅಂಥದ್ದೊಂದು ಕೈ ಇದೆ. ಅರೊಮಟೇಸ್ ಅಂತಾರೆ. ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಮಾಡೋದು ಅದೇ. ಮುಟ್ಟು ನಿಂತ್ಮೇಲೆ ಅಂಡಾಶಯ ಸುಮ್ನಾಗುತ್ತೆ. ಆದ್ರೆ ಎದೆ ಕೊಬ್ಬಲ್ಲಿ, ಮೈ ಕೊಬ್ಬಲ್ಲಿ ಆ ಕೈ ಕಲಸ್ತಾನೇ ಇರುತ್ತೆ. ಗೆಡ್ಡೆ ಬಂತು ಅಂದ್ರೆ ತನ್ನ ಅಕ್ಕಪಕ್ಕ ಆ ಕೈಗಳನ್ನ ಜಾಸ್ತಿ ಮಾಡ್ಕೊಳ್ಳುತ್ತೆ. ಯಾಕೆ? ನಿಮಗಿದ್ದಂಥ ಗೆಡ್ಡೆಗೆ ಆ ಹಾರ್ಮೋನೇ ಊಟ."

"ಮತ್ತೆ ಈ ಮಾತ್ರೆ?"

"ಹಾರ್ಮೋನ್ ಕೊಡೋ ಮಾತ್ರೆ ಅಲ್ಲಮ್ಮ. ಆ ಕೈಯನ್ನ ಹಿಡ್ಕೊಳ್ಳೋ ಮಾತ್ರೆ. ಇದ್ರಿಂದ ಮುಟ್ಟು ವಾಪಸ್ ಬರಲ್ಲ. ನೀವು ಬಿಟ್ರೆ, ಅದು ಮತ್ತೆ ಕಲಸೋಕೆ ಕೂರುತ್ತೆ."

ಬಾಗಿಲಲ್ಲಿ ನಿಂತಿದ್ದ ಮಾವ ಬಾಯಿ ಹಾಕಿದರು. "ಅದನ್ನ ತಿಂದ್ರೆ ಮಂಡಿ ನೋವು ಅಂತಿದ್ಲಲ್ಲ?"

"ಬರುತ್ತೆ ಸಾರ್. ಮೂಳೆನೂ ಸವೆಯಬಹುದು. ಡಾಕ್ಟರಿಗೆ ಹೇಳಿದ್ರೆ ಅದಕ್ಕೂ ದಾರಿ ಇದೆ. ನಾವಾಗೇ ನಿಲ್ಸಬಾರ್ದು. ತಪ್ಪಿಸಿದ್ದನ್ನ ನಾಳೆನೇ ಬಂದು ಹೇಳಿ ಆಂಜನಮ್ಮ. ಎಲ್ಲಾ ಸೇರಿಸಿ ನುಂಗ್ಬೇಡಿ, ಇವತ್ತಿಂದು ಒಂದೇ."

ಅಮ್ಮನ ಎರಡೂ ಕೈಗೆ ಹಿಟ್ಟು ಮೆತ್ತಿತ್ತು. ಮಗುವಿನ ಹಾಗೆ ನನ್ನ ಕಡೆ ಬಾಯಿ ತೆರೆದಳು. ಮಾತ್ರೆ ಇಟ್ಟೆ, ನೀರು ಕುಡಿಸಿದೆ.

ಓದುತ್ತಿರುವ ಅಕ್ಕ, ಅಣ್ಣ, ಇವತ್ತೇ ನಿಮ್ಮಮ್ಮನ ಮಾತ್ರೆ ಡಬ್ಬಿ ತೆಗೆದು ನೋಡಿ. ಉಳಿದಿದ್ದರೆ ಬೈಯಬೇಡಿ, ಯಾಕೆ ಅಂತ ಕೇಳಿ. ಹೆದರಿಕೆಯನ್ನು ಡಾಕ್ಟರ ಮುಂದೆ ಬಿಚ್ಚಿ ಹೇಳಿಸಿ. ಹಬ್ಬವಿರಲಿ, ಉಪವಾಸವಿರಲಿ, ಡಾಕ್ಟರು ಹೇಳುವತನಕ ಮಾತ್ರೆ ನಿಲ್ಲಿಸಬೇಡಿ.

ಆರತಿಯ ದಿನ ಮಾವ ಅದೇ ಹೆಂಗಸರ ಮುಂದೆ ನನ್ನ ತೋಳು ಹಿಡಿದರು. "ಅವತ್ತು ಅಂದಿದ್ದು ಮನಸ್ಸಲ್ಲಿ ಇಟ್ಕೊಂಡಿದ್ಯೇನೋ?"

ಅಮ್ಮ ತಲೆಯ ಮೇಲೆ ತಂಬಿಟ್ಟಿನ ದೀಪ ಹೊತ್ತು ಬೀದಿಯ ತಿರುವು ದಾಟುತ್ತಿದ್ದಳು. ಮಾತ್ರೆಯ ಹೊತ್ತಾಗಿತ್ತು. ಅದು ನನ್ನ ಜೇಬಿನಲ್ಲಿತ್ತು. ತೋಳು ಬಿಡಿಸಿಕೊಂಡು ಅವಳ ಹಿಂದೆ ನಡೆದೆ.